ಕಾಯುವವನ ಚರಿತ್ರೆ: ಕೆಂಪಯ್ಯನವರ ಫುಟ್‌ಬಾಲ್ ಬದುಕು ಮತ್ತು ಹಾನಗಲ್ಲ ಸೀಮೆಯ ಅಖಾಡ

ಕ್ರೀಡೆಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಗೆಲುವನ್ನು ಎಣಿಸಿದ್ದಾರೆ. ಗೆಲುವನ್ನು ಎಣಿಸುವುದೆಂದರೆ ಗೋಲು ಹೊಡೆದವನ ಹೆಸರನ್ನು ಬರೆದಿಡುವುದು. ಅವನ ಬೆನ್ನ ಹಿಂದೆ, ಮೈದಾನದ ಇನ್ನೊಂದು ತುದಿಯಲ್ಲಿ, ತೊಂಬತ್ತು ನಿಮಿಷ ಎದುರಾಳಿಯ ದಾರಿಗೆ ಅಡ್ಡ ನಿಂತವನ ಹೆಸರು ಫಲಿತಾಂಶದ ಸಾಲಿನಲ್ಲಿ ಬರುವುದಿಲ್ಲ. ಏಕೆಂದರೆ ಅವನ ಸಾಧನೆ ಒಂದು ಘಟನೆಯಲ್ಲ, ಘಟನೆಯೊಂದು ನಡೆಯದಂತೆ ನೋಡಿಕೊಂಡದ್ದು. ನಡೆಯದೇ ಹೋದದ್ದಕ್ಕೆ ದಾಖಲೆ ಇಡುವುದು ಹೇಗೆ? ಚರಿತ್ರೆಕಾರನಿಗೆ ಇದು ತೊಡಕಿನ ಪ್ರಶ್ನೆ. ಜಾನಪದ ಅಭ್ಯಾಸಿಗೆ ಅಷ್ಟು ಹೊಸದಲ್ಲ.

ಪ್ರಸ್ತುತ ಲೇಖನವು ಹಳೆಯ ಮೈಸೂರು ರಾಜ್ಯದಿಂದ ಹೊರಟು ಕಲ್ಕತ್ತೆಯ ಮೈದಾನದಲ್ಲಿ ಆಡಿ, ಮೆಲ್ಬರ್ನ್ ಮತ್ತು ರೋಮ್ ಒಲಿಂಪಿಕ್ ಕೂಟಗಳಿಗೆ ಹೋಗಿಬಂದ ಮರಿಯಪ್ಪ ಕೆಂಪಯ್ಯನವರಂತಹ ಹಿಂಬದಿಯ ಆಟಗಾರನ ಬದುಕನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡುತ್ತದೆ. ಕೆಂಪಯ್ಯನವರಿಗೂ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಿಗೂ ನೇರ ಸಂಬಂಧವಿಲ್ಲ. ಆದರೆ ಕಾಯುವವನನ್ನು ನೆನಪಿನಲ್ಲಿ ಇಟ್ಟುಕೊಳ್ಳುವ ಎರಡು ಬಗೆಗಳು, ಒಂದು ಕಲ್ಲಿನಲ್ಲಿ ಮತ್ತೊಂದು ಅಖಾಡದಲ್ಲಿ, ಈ ಸೀಮೆಯಲ್ಲಿ ಅಕ್ಕಪಕ್ಕದಲ್ಲೇ ಉಳಿದು ಬಂದಿವೆ. ಅವನ್ನು ಬದಿಗಿಟ್ಟು ನೋಡಿದರೆ ಫುಟ್‌ಬಾಲಿನ ಮರೆವು ಎಂತಹುದು ಎಂಬುದು ತಿಳಿಯುತ್ತದೆ.

ಮೊದಲಿಗೆ ಭೂಗೋಳದ ಒಂದು ಮಾತು. ಈ ನಾಲ್ಕು ತಾಲೂಕುಗಳ ಜನಕ್ಕೆ ಮೈಸೂರಿನ ಫುಟ್‌ಬಾಲ್ ಬಹುಕಾಲ ಪರರಾಜ್ಯದ ಸುದ್ದಿಯಾಗಿತ್ತು. ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿ ಹಿರೇಕೆರೂರು ಕೋಡ ತಾಲೂಕಿನ ಕೇಂದ್ರವಾಗಿತ್ತು, ಶಿಗ್ಗಾಂವಿ ಬಂಕಾಪುರ ತಾಲೂಕಿನ ಕೇಂದ್ರವಾಗಿತ್ತು. ಸವಣೂರು ನವಾಬರ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರವರೆಗೆ ಇಡೀ ಸೀಮೆಯ ಆಡಳಿತದ ಮುಖ ಮುಂಬಯಿಯ ಕಡೆಗಿತ್ತು. ಆದ್ದರಿಂದ 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಗೆ ಹೋಗಿ, ಆರ್ಗೈಲ್ ಅಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್ ಎಂಬ ಬ್ರಿಟಿಷ್ ಪಡೆಯ ತಂಡವನ್ನು 1–0 ಅಂತರದಲ್ಲಿ ಸೋಲಿಸಿ ರೋವರ್ಸ್ ಕಪ್ ಗೆದ್ದದ್ದು, ಒಂದು ವಿಚಿತ್ರ ಅರ್ಥದಲ್ಲಿ, ಧಾರವಾಡ ಸೀಮೆಯವರ ರಾಜಧಾನಿಯಲ್ಲೇ ನಡೆದ ಸಂಗತಿ. ಭಾರತೀಯ ತಂಡವೊಂದು ಆ ಕಪ್ ಗೆದ್ದದ್ದು ಅದೇ ಮೊದಲು. ಮರುವರ್ಷ 1938ರಲ್ಲಿಯೂ, ಆಮೇಲೆ 1948ರಲ್ಲಿಯೂ ಅದೇ ತಂಡ ಗೆದ್ದಿತು.

ಆ 1–0 ಎಂಬ ಅಂಕಿಯನ್ನು ಒಮ್ಮೆ ನಿಂತು ನೋಡಬೇಕು. ಅದರಲ್ಲಿ ಒಂದು ಎಂಬುದು ಮುಂದಿನವರ ದುಡಿಮೆ, ಸೊನ್ನೆ ಎಂಬುದು ಹಿಂದಿನವರ ದುಡಿಮೆ. ನಮ್ಮ ಬರವಣಿಗೆಯೆಲ್ಲ ಒಂದರ ಕಡೆಗೆ ಹರಿದಿದೆ. 1967–68ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಾಗಲೂ, ಮರುವರ್ಷ ಬಂಗಾಳವನ್ನೇ ಮತ್ತೆ ಸೋಲಿಸಿದಾಗಲೂ ಅಂತರ ಒಂದೇ ಗೋಲಿನದು. ಎರಡು ವರ್ಷದ ಅಂತಿಮ ಪಂದ್ಯಗಳಲ್ಲಿ ಬಂಗಾಳದಂತಹ ತಂಡಕ್ಕೆ ಒಂದು ಗೋಲನ್ನೂ ಬಿಟ್ಟುಕೊಡದ ಬೆನ್ನುಸಾಲನ್ನು ಕುರಿತು ಕನ್ನಡದಲ್ಲಿ ಒಂದು ಲೇಖನ ಬಂದಿದ್ದರೆ ಅದು ನನ್ನ ಕಣ್ಣಿಗೆ ಬಿದ್ದಿಲ್ಲ.

ಕೆಂಪಯ್ಯನವರು ಆಡಿದ ಜಾಗದ ಹೆಸರು ಹಾಫ್ ಬ್ಯಾಕ್. ಇಂದಿನ ಓದುಗರಿಗೆ ಈ ಹೆಸರು ಅಪರಿಚಿತವಾಗಿರಬಹುದು. ಹಳೆಯ ಪದ್ಧತಿಯಲ್ಲಿ ಗೋಲ್‌ಕೀಪರನ ಮುಂದೆ ಇಬ್ಬರು ಫುಲ್ ಬ್ಯಾಕುಗಳು, ಅವರ ಮುಂದೆ ಮೂವರು ಹಾಫ್ ಬ್ಯಾಕುಗಳು, ಎಲ್ಲರ ಮುಂದೆ ಐವರು ಫಾರ್ವರ್ಡುಗಳು ನಿಲ್ಲುತ್ತಿದ್ದರು. ಆಕ್ರಮಣಕ್ಕೆ ಐವರು, ಕಾವಲಿಗೆ ಐವರು ಎಂದು ಕಾಗದದ ಮೇಲೆ ಸಮಪಾಲು ಕಾಣುತ್ತದೆ. ಆದರೆ ನಡುವಿನ ಮೂವರ ಪಾಡು ಬೇರೆ. ಎದುರಾಳಿಯ ಚೆಂಡನ್ನು ಕಸಿದುಕೊಳ್ಳಬೇಕು, ಕಸಿದದ್ದನ್ನು ತನ್ನ ಮುಂದಿನವನ ಕಾಲಿಗೆ ಮುಟ್ಟಿಸಬೇಕು, ಮುಟ್ಟಿಸಿದ ಕೂಡಲೇ ಹಿಂದಕ್ಕೆ ಓಡಿ ತನ್ನ ಜಾಗ ಹಿಡಿಯಬೇಕು. ಗೋಲಾದರೆ ಹೆಸರು ಮುಂದಿನವನಿಗೆ, ಗೋಲು ಬಿಟ್ಟರೆ ಬೈಗುಳ ಇವನಿಗೆ. ಮುಂದೆ ನಡು ಹಾಫ್ ಬ್ಯಾಕನನ್ನು ಹಿಂದಕ್ಕೆ ಎಳೆದು ಮೂರನೆಯ ಬ್ಯಾಕನನ್ನಾಗಿ ಮಾಡುವ ಪದ್ಧತಿ ಬಂದಾಗ ಬದಿಯ ಹಾಫ್ ಬ್ಯಾಕುಗಳ ಓಟ ಇನ್ನಷ್ಟು ಹೆಚ್ಚಿತು.

ಕೆಂಪಯ್ಯನವರಿಗಿಂತ ಮೊದಲು ಇದೇ ಜಾಗದಲ್ಲಿ ಬೆಂಗಳೂರಿನ ಟಿ. ಷಣ್ಮುಗಂ ಆಡಿದ್ದರು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1–0ಯಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿಯೂ, 1952ರ ಹೆಲ್ಸಿಂಕಿ ತಂಡದಲ್ಲಿಯೂ ಅವರಿದ್ದರು. ಹೆಲ್ಸಿಂಕಿಯಲ್ಲಿ ಭಾರತ ಯುಗೊಸ್ಲಾವಿಯಕ್ಕೆ 1–10 ಅಂತರದಲ್ಲಿ ಸೋತಿತು. ಬರಿಗಾಲಿನ ಆಟಕ್ಕೆ ತೆರೆಬಿದ್ದು ಬೂಟು ಕಡ್ಡಾಯವಾದದ್ದು ಆ ಸೋಲಿನ ನಂತರ. ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್ ಎಂದು ಫುಟ್‌ಬಾಲ್ ಬಲ್ಲವರು ತಟ್ಟನೆ ಹೇಳುತ್ತಾರೆ. ಹತ್ತು ಗೋಲುಗಳ ಹೊಣೆಯನ್ನು ಮಾತ್ರ ಬೆನ್ನುಸಾಲಿನ ಮೇಲೆ ಹೊರಿಸಿ ಸುಮ್ಮನಾಗುತ್ತಾರೆ.

ಕೆಂಪಯ್ಯನವರು 1956ರ ಮೆಲ್ಬರ್ನ್ ತಂಡಕ್ಕೆ ಆಯ್ಕೆಯಾದರು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ತರಬೇತುದಾರರು, ಬಂಗಾಳದ ಸಮರ್ ಬ್ಯಾನರ್ಜಿ ನಾಯಕರು. ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ಭಾರತ ಉಪಾಂತ್ಯ ಮುಟ್ಟಿತು. ನೆವಿಲ್ ಡಿಸೋಜಾ ಆ ದಿನ ಮೂರು ಗೋಲು ಹೊಡೆದರು. ಉಪಾಂತ್ಯದಲ್ಲಿ ಯುಗೊಸ್ಲಾವಿಯದ ಎದುರು 1–4, ಮೂರನೆಯ ಸ್ಥಾನಕ್ಕಾಗಿ ಬಲ್ಗೇರಿಯದ ಎದುರು 0–3. ನಾಲ್ಕನೆಯ ಸ್ಥಾನ. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತ ಅಷ್ಟು ಎತ್ತರಕ್ಕೆ ಮತ್ತೆ ಏರಲಿಲ್ಲ. ನಾಲ್ಕು ವರ್ಷದ ನಂತರ ರೋಮಿನಲ್ಲಿ ಹಂಗೇರಿಯ ಎದುರು 1–2, ಫ್ರಾನ್ಸಿನ ಎದುರು 1–1, ಪೆರುವಿನ ಎದುರು 1–3. ಆ ತಂಡದಲ್ಲಿಯೂ ಕೆಂಪಯ್ಯನವರಿದ್ದರು. 1960ರ ನಂತರ ಭಾರತದ ಫುಟ್‌ಬಾಲ್ ತಂಡ ಒಲಿಂಪಿಕ್ ಕೂಟಕ್ಕೆ ಹೋಗಿಲ್ಲ. ಎರಡು ಒಲಿಂಪಿಕ್ ಕಂಡ ಭಾರತೀಯ ಫುಟ್‌ಬಾಲಿಗರ ಚಿಕ್ಕ ಗುಂಪಿನಲ್ಲಿ ಒಂದು ಅಚ್ಚ ಕನ್ನಡದ ಹೆಸರು ಇರುವುದನ್ನು ನಮ್ಮ ಶಾಲಾಪುಸ್ತಕಗಳು ಗಮನಿಸಿದಂತೆ ಕಾಣುವುದಿಲ್ಲ.

ಈ ಎರಡು ಒಲಿಂಪಿಕ್‌ಗಳ ನಡುವಿನ ಬದುಕು ಕಲ್ಕತ್ತೆಯದು. ಕೆಂಪಯ್ಯನವರು ಮೋಹನ್ ಬಾಗಾನ್ ತಂಡದ ಹಾಫ್ ಬ್ಯಾಕ್ ಆದರು. 1959, 1960 ಮತ್ತು 1962ರಲ್ಲಿ ಕಲ್ಕತ್ತಾ ಲೀಗ್ ಗೆದ್ದ, ಚುನಿ ಗೋಸ್ವಾಮಿ ಮುಂದೆ, ಜರ್ನೈಲ್ ಸಿಂಗ್ ಹಿಂದೆ ಇದ್ದ ಕಾಲದ ಮೋಹನ್ ಬಾಗಾನ್ ಅದು. ಬೆಂಗಳೂರಿನಿಂದ ಮದರಾಸಿನ ಮೂಲಕ ರೈಲಿನಲ್ಲಿ ಹೋಗುವ ಆ ದೂರದ ಹಾದಿಯನ್ನು ಕೆಂಪಯ್ಯನವರು ಮೊದಲು ತುಳಿದವರಲ್ಲ. 1934ರಿಂದ 1938ರವರೆಗೆ ಸತತ ಐದು ವರ್ಷ ಲೀಗ್ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ಬೆಂಗಳೂರಿನಿಂದಲೂ ಆಟಗಾರರನ್ನು ಕರೆಸಿಕೊಂಡಿತ್ತು. ಅಹ್ಮದ್ ಖಾನ್ ಮತ್ತು ಧನರಾಜ್ ಈಸ್ಟ್ ಬೆಂಗಾಲ್ ಸೇರಿದ್ದರು.

ಕಾಗದದ ಮೇಲೆ ಇವರೆಲ್ಲ ಹವ್ಯಾಸಿಗಳು. ಕಲ್ಕತ್ತೆಯ ಕ್ಲಬ್ಬುಗಳು ಸಂಬಳದ ಪಟ್ಟಿ ಇಡುತ್ತಿರಲಿಲ್ಲ. ಆದರೂ ಕೈಗೆ ಹಣ ಬರುತ್ತಿತ್ತು, ರೈಲ್ವೆಯಲ್ಲೋ ಬಂದರಿನಲ್ಲೋ ಬ್ಯಾಂಕಿನಲ್ಲೋ ಒಂದು ನೌಕರಿ ಸಿಗುತ್ತಿತ್ತು, ವಾಸಕ್ಕೆ ಕ್ಲಬ್ಬಿನ ಮೆಸ್ಸಿನಲ್ಲಿ ಜಾಗವಿರುತ್ತಿತ್ತು. ವರ್ಷಕ್ಕೊಮ್ಮೆ ಆಟಗಾರರು ತಂಡ ಬದಲಾಯಿಸುವ ಕಾಲ ಬಂದಾಗ, ಎದುರು ಕ್ಲಬ್ಬಿನವರ ಕಣ್ಣಿಗೆ ಬೀಳದಂತೆ ಅವರನ್ನು ಬಚ್ಚಿಟ್ಟು ಸಹಿಯ ದಿನ ಹೊರತಂದ ಕಥೆಗಳು ಬಂಗಾಳದಲ್ಲಿ ಇಂದಿಗೂ ಬಾಯಿಂದ ಬಾಯಿಗೆ ಹರಿಯುತ್ತಿವೆ. ಇವುಗಳಲ್ಲಿ ನಿಜವೆಷ್ಟು ಎಂದು ಕೇಳುವುದಕ್ಕಿಂತ ಇವು ಯಾರನ್ನು ಕುರಿತು ಹುಟ್ಟಿವೆ ಎಂದು ಕೇಳುವುದು ಜಾನಪದದ ದೃಷ್ಟಿಯಿಂದ ಲೇಸು. ಅವುಗಳಲ್ಲಿ ಹೆಚ್ಚಿನವು ಫಾರ್ವರ್ಡುಗಳನ್ನು ಕುರಿತವು.

ಹೆಸರಿಡುವ ಪದ್ಧತಿಯಲ್ಲಿಯೂ ಇದೇ ಒಲವು ಕಾಣುತ್ತದೆ. ಈಸ್ಟ್ ಬೆಂಗಾಲ್ ತಂಡದ ಐವರು ಮುಂದಾಳುಗಳಾದ ಅಪ್ಪಾರಾವ್, ಅಹ್ಮದ್ ಖಾನ್, ಸಾಲೆ, ಧನರಾಜ್, ವೆಂಕಟೇಶ್ ಇವರನ್ನು ಬಂಗಾಳದ ಜನ ‘ಪಂಚಪಾಂಡವರು’ ಎಂದು ಕರೆದರು. ಐವರಲ್ಲಿ ಇಬ್ಬರು ಮುಸ್ಲಿಮರು, ಐವರೂ ದಕ್ಷಿಣದವರು. ಅಭಿಮಾನದ ಮುಂದೆ ಮತ, ಭಾಷೆಗಳು ಕರಗಿ ಮಹಾಭಾರತದ ಹೆಸರು ಅಂಟಿಕೊಂಡದ್ದು ಸಂತೋಷದ ಸಂಗತಿಯೇ. ಆದರೆ ಅವರ ಬೆನ್ನಿಗೆ ನಿಂತ ಹಾಫ್ ಬ್ಯಾಕುಗಳಿಗೆ ಭಾರತಕಥೆಯಲ್ಲಿ ಯಾರ ಹೆಸರೂ ಸಿಗಲಿಲ್ಲ. ಸಿಗುವುದು ಕಷ್ಟವೂ ಹೌದು. ಕುರುಕ್ಷೇತ್ರದಲ್ಲಿ ಅಪ್ಪಟ ಕಾವಲಿನ ಆಟ ಆಡಿದವನು ಜಯದ್ರಥ. ಚಕ್ರವ್ಯೂಹದ ಬಾಗಿಲಲ್ಲಿ ನಿಂತು ಒಂದಿಡೀ ದಿನ ಭೀಮಾದಿಗಳನ್ನು ಒಳಗೆ ಬಿಡಲಿಲ್ಲ. ನಮ್ಮ ಸೀಮೆಯ ದೊಡ್ಡಾಟಗಳಲ್ಲಿ ಅಭಿಮನ್ಯುವಿನ ಪಾತ್ರಕ್ಕೆ ಪೈಪೋಟಿ, ಸೈಂಧವನ ಪಾತ್ರ ಯಾರೂ ಬೇಡಿ ಪಡೆಯುವಂತಹುದಲ್ಲ.

ಕಾಯುವವನನ್ನು ಫುಟ್‌ಬಾಲ್ ಪೂರ್ತಿ ಮರೆತಿದೆ ಎಂದೂ ಹೇಳಲಾಗದು. ಮೋಹನ್ ಬಾಗಾನಿನ ಗೋಷ್ಠ ಪಾಲ್ ಬರಿಗಾಲಿನಲ್ಲಿ ಬೂಟುಗಾಲಿನ ಗೋರಾಗಳನ್ನು ತಡೆದ ಫುಲ್ ಬ್ಯಾಕ್. ಅವರನ್ನು ‘ಚೀನಾದ ಗೋಡೆ’ ಎಂದು ಕರೆದರು, 1962ರಲ್ಲಿ ಪದ್ಮಶ್ರೀ ಕೊಟ್ಟರು, ಫುಟ್‌ಬಾಲಿಗನೊಬ್ಬನಿಗೆ ಆ ಗೌರವ ಸಂದದ್ದು ಅದೇ ಮೊದಲು. ಕೋಲ್ಕತ್ತದ ಮೈದಾನದ ಬಳಿ ಅವರ ಪ್ರತಿಮೆ ಇದೆ, ಅವರ ಹೆಸರಿನ ರಸ್ತೆಯೂ ಇದೆ. ಆದರೆ ಅವರು ತಡೆದದ್ದು ಆಳುವವರನ್ನು. ಅವರ ಕಾವಲು ದೇಶದ ಕಾವಲಿನ ಅರ್ಥ ಪಡೆಯಿತು. ಸ್ವಾತಂತ್ರ್ಯದ ನಂತರದ ಕಾವಲಿನವರಿಗೆ ಆ ಅರ್ಥದ ಆಸರೆ ಇರಲಿಲ್ಲ. ಅವರು ನೆನಪಿನಲ್ಲಿ ಉಳಿದದ್ದು ತಮ್ಮ ಜಾಗ ಬಿಟ್ಟಾಗ. ಶೈಲೇನ್ ಮನ್ನಾ ಸೊಗಸಾದ ಫುಲ್ ಬ್ಯಾಕ್. 1948ರ ಲಂಡನ್ ಒಲಿಂಪಿಕ್‌ನಲ್ಲಿ ಫ್ರಾನ್ಸಿನ ಎದುರು ಅವರು ತಪ್ಪಿಸಿದ ಪೆನಾಲ್ಟಿಯನ್ನು ಎಲ್ಲರೂ ಹೇಳುತ್ತಾರೆ. ಅದೇ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಬೆಂಗಳೂರಿನ ರಾಮನ್ ಅವರದು. ಜರ್ನೈಲ್ ಸಿಂಗ್ ದೇಶ ಕಂಡ ಗಟ್ಟಿ ಕಾವಲುಗಾರ. ಅವರನ್ನು ನೆನೆದವರು ಮೊದಲು ಹೇಳುವುದು 1962ರ ಜಕಾರ್ತಾ ಏಷ್ಯನ್ ಕೂಟದಲ್ಲಿ, ತಲೆಗೆ ಹೊಲಿಗೆ ಹಾಕಿಸಿಕೊಂಡು ಮುಂದಾಳಾಗಿ ನಿಂತು, ದಕ್ಷಿಣ ಕೊರಿಯದ ಎದುರಿನ ಅಂತಿಮ ಪಂದ್ಯದಲ್ಲಿ ಹೊಡೆದ ಗೋಲನ್ನು. ಕಾವಲುಗಾರ ಕಾವಲನ್ನು ಬಿಟ್ಟಾಗ ಮಾತ್ರ ಕಥೆಯಾಗುತ್ತಾನೆ.

ಇಲ್ಲಿಂದ ಹಾನಗಲ್ಲಿಗೆ ಬರೋಣ. ಪ್ರಾಚೀನ ಪಾನುಂಗಲ್ಲು ಕದಂಬರ ಶಾಖೆಯೊಂದರ ರಾಜಧಾನಿ. 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಪಟ್ಟಣಕ್ಕೆ ಮುತ್ತಿಗೆ ಹಾಕಿ ಆನೆಕೆರೆಯ ಬಳಿ ಬೀಡುಬಿಟ್ಟ. ಕದಂಬ ಕಾಮದೇವನ ದಂಡನಾಯಕ ಸೋಹಣಿ ಅವನನ್ನು ಆ ಸಲ ಹಿಮ್ಮೆಟ್ಟಿಸಿ ತಾನು ಮಡಿದ. ಇಂತಹ ಸಾವುಗಳಿಗೆ ಈ ನಾಡು ಕಲ್ಲು ನೆಟ್ಟಿದೆ. ಹಾನಗಲ್ಲ, ಹಿರೇಕೆರೂರು ತಾಲೂಕುಗಳ ಕೆರೆದಂಡೆ, ಗುಡಿಯಂಗಳಗಳಲ್ಲಿ ವೀರಗಲ್ಲುಗಳು ಹೇರಳವಾಗಿವೆ. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂಬ ಶಾಸನದ ಮಾತುಗಳು ದನವನ್ನು, ಊರನ್ನು, ಹೆಂಗಸರ ಮಾನವನ್ನು ಕಾಯಲು ಹೋಗಿ ಮಡಿದವರನ್ನು ಹೆಸರಿಸುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವ ದೃಶ್ಯ, ಮೇಲೆ ಶಿವನ ಸನ್ನಿಧಿ. ಗೆದ್ದ ದಾಳಿಕೋರನಿಗೆ ಪ್ರಶಸ್ತಿ ಬರೆಯಲು ಆಸ್ಥಾನದ ಕವಿಯಿದ್ದ, ಕಾದವನಿಗೆ ಊರೇ ಕಲ್ಲು ನೆಟ್ಟಿತು. ಸಂಸ್ಕೃತಿಯೊಂದು ಕಾವಲುಗಾರನಿಗೆ ಕೊಟ್ಟ ದೊಡ್ಡ ಮರ್ಯಾದೆ ಇದು.

ಆದರೆ ಈ ಮರ್ಯಾದೆಗೊಂದು ಷರತ್ತಿದೆ. ತುರುವನ್ನು ಬಿಡಿಸಿಕೊಂಡು ಗಾಯವಿಲ್ಲದೆ ಮನೆಗೆ ಬಂದವನಿಗೆ ಸಾಮಾನ್ಯವಾಗಿ ಕಲ್ಲಿಲ್ಲ. ಅವನು ಮರುದಿನ ಹೊಲಕ್ಕೆ ಹೋದ, ಮುದುಕನಾದ, ಸತ್ತ. ಕಲ್ಲು ಕಾವಲನ್ನು ಸ್ಮರಿಸುತ್ತದೆ ಎನ್ನುವುದಕ್ಕಿಂತ ಕಾವಲಿನಲ್ಲಿ ಆದ ಸಾವನ್ನು ಸ್ಮರಿಸುತ್ತದೆ ಎನ್ನುವುದು ಸರಿ. ಹಾಗೆ ನೋಡಿದರೆ ಫುಟ್‌ಬಾಲಿನ ನೆನಪು ವೀರಗಲ್ಲಿನ ನೆನಪಿಗೆ ತೀರ ದೂರವಿಲ್ಲ. ಎರಡರಲ್ಲಿಯೂ ಕಾದವನ ಹೆಸರು ಉಳಿಯಲು ಒಂದು ಅವಘಡ ಬೇಕು.

ಗಾಯವಿಲ್ಲದೆ ಗೆದ್ದು ಬಂದ ಕಾವಲನ್ನು ಎಣಿಸುವ ಲೆಕ್ಕ ಈ ಸೀಮೆಯ ಇನ್ನೊಂದು ಆಚರಣೆಯಲ್ಲಿದೆ. ಅದು ಹೋರಿ ಬೆದರಿಸುವ ಆಟ. ದೀಪಾವಳಿಯ ಬಲಿಪಾಡ್ಯಮಿಗೆ ಆರಂಭವಾಗಿ ಮುಂದಿನ ಕೆಲವು ತಿಂಗಳು ಹಾವೇರಿ ಜಿಲ್ಲೆಯಲ್ಲಿಯೂ ಪಕ್ಕದ ಶಿಕಾರಿಪುರ, ಸೊರಬಗಳಲ್ಲಿಯೂ ಊರಿಂದೂರಿಗೆ ನಡೆಯುತ್ತದೆ. ಹೋರಿಯ ಕೊರಳಿಗೆ ಕೊಬ್ಬರಿ ಗಿಟಕುಗಳ ಸರ ಕಟ್ಟಿ, ಜೂಲ ಹೊದಿಸಿ, ಬಲೂನು ರಿಬ್ಬನ್ನುಗಳಿಂದ ಸಿಂಗರಿಸಿ, ಎರಡೂ ಬದಿ ಜನ ಕಿಕ್ಕಿರಿದ ಅಖಾಡದಲ್ಲಿ ಬಿಡುತ್ತಾರೆ. ಹಿಡಿಯುವ ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿದುಕೊಳ್ಳಲು ಹವಣಿಸುತ್ತಾರೆ. ಕೊಬ್ಬರಿ ಹರಿದವನಿಗೆ ಅದೇ ಬಹುಮಾನ. ಯಾರ ಕೈಗೂ ಸಿಗದೆ ಸರವನ್ನು ಉಳಿಸಿಕೊಂಡು ಅಖಾಡ ದಾಟಿದ ಹೋರಿ ಗೆದ್ದಂತೆ. ಇಲ್ಲಿ ಲೆಕ್ಕ ತಿರುವುಮುರುವಾಗಿರುವುದನ್ನು ಗಮನಿಸಬೇಕು. ನೂರಾರು ಜನ ದಾಳಿ ಮಾಡುವವರು, ಕಾಯುವುದು ಒಂದೇ ಜೀವ, ಕೀರ್ತಿಯೆಲ್ಲ ಕಾಯುವ ಜೀವಕ್ಕೆ. ಕೊಬ್ಬರಿ ಹರಿದ ಹುಡುಗನ ಹೆಸರು ಆ ಸಂಜೆಗೆ ಮುಗಿಯುತ್ತದೆ, ಕೊಬ್ಬರಿ ಕೊಡದ ಹೋರಿಯ ಹೆಸರು ತಾಲೂಕು ದಾಟುತ್ತದೆ.

ಹೆಸರು ಮಾಡಿದ ಹೋರಿಯ ಬದುಕು ವೃತ್ತಿಪರ ಆಟಗಾರನ ಬದುಕಿನಂತೆಯೇ ಇದೆ. ವಾಹನದಲ್ಲಿ ನಿಲ್ಲಿಸಿಕೊಂಡು ಇಂದು ಹಾನಗಲ್ಲ ತಾಲೂಕಿನ ಹಳ್ಳಿಗೆ, ನಾಲ್ಕು ದಿನ ಬಿಟ್ಟು ಹಿರೇಕೆರೂರಿಗೆ, ಮುಂದಿನ ವಾರ ಶಿಕಾರಿಪುರದ ಕಡೆಗೆ ಒಯ್ಯುತ್ತಾರೆ. ಹುರುಳಿ, ಹತ್ತಿಕಾಳು, ಹಿಂಡಿಯ ಮೇವು, ದಿನದ ಓಟದ ತಾಲೀಮು, ಕೆರೆಯಲ್ಲಿ ಈಜು. ಅಭಿಮಾನಿ ಬಳಗಗಳಿವೆ, ಬಳಗಕ್ಕೊಂದು ಬಣ್ಣದ ಅಂಗಿ, ಬಾವುಟ. ಹೋರಿ ಒಬ್ಬ ಒಡೆಯನಿಂದ ಮತ್ತೊಬ್ಬನಿಗೆ ಲಕ್ಷಗಳ ಬೆಲೆಗೆ ಮಾರಾಟವಾಗುತ್ತದೆ, ಆಗ ಮೊದಲಿನ ಊರಿನ ಹುಡುಗರು ಪಡುವ ಸಂಕಟವೂ ಕಲ್ಕತ್ತೆಯ ಅಭಿಮಾನಿಯ ಸಂಕಟವೂ ಒಂದೇ ಜಾತಿಯವು. ಹೆಸರಾಂತ ಹೋರಿ ಸತ್ತರೆ ಮೆರವಣಿಗೆ ಮಾಡಿ ಹೂಳುತ್ತಾರೆ. ಈ ಆಟದ ಇನ್ನೊಂದು ಮುಖವನ್ನು ಮರೆಮಾಚಬಾರದು. ಹೋರಿ ತಿವಿದು ಹಿಡಿಯುವವರೂ ದಾರಿಹೋಕರೂ ಸಾಯುತ್ತಾರೆ, ಬೆದರಿಕೆಗೆ ಸಿಕ್ಕ ಪ್ರಾಣಿಯ ಸಂಕಟವನ್ನು ಕುರಿತ ಪ್ರಶ್ನೆಯೂ ಅಲ್ಲಗಳೆಯುವಂತಹುದಲ್ಲ. ಹೋರಿಗೆ ಒಪ್ಪಂದಕ್ಕೆ ಸಹಿ ಹಾಕುವ ಸ್ವಾತಂತ್ರ್ಯವಿಲ್ಲ. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ.

ನಾನು ಹೇಳಹೊರಟದ್ದು ಲೆಕ್ಕದ ವಿಷಯ. ಅಖಾಡದಲ್ಲಿ ಪ್ರೇಕ್ಷಕನ ಕಣ್ಣು ಕೊರಳಿನ ಸರದ ಮೇಲಿರುತ್ತದೆ, ಉಳಿದದ್ದು ಕಣ್ಣಿಗೆ ಕಾಣುತ್ತದೆ. ಫುಟ್‌ಬಾಲಿನ ಕಾವಲುಗಾರನ ಕೊರಳಿಗೆ ಅಂತಹ ಸರವಿಲ್ಲ. ಅವನು ಉಳಿಸಿದ್ದು ಬಲೆಯ ಹಿಂದಿನ ಬಯಲು. ಉತ್ತರ ಕರ್ನಾಟಕದ ಆಟ್ಯಾಪಾಟ್ಯಾದಲ್ಲಿಯೂ ಪಾಟಿಯ ಗೆರೆಯ ಮೇಲೆ ನಿಂತು ತಡೆಯುವವನಿಗೆ ಗೆರೆಯೇ ಸಾಕ್ಷಿ, ಎಷ್ಟು ಜನ ದಾಟಿದರು ಎಂಬುದನ್ನು ಮಕ್ಕಳೂ ಹೇಳಬಲ್ಲರು. ಫುಟ್‌ಬಾಲಿನ ಹಾಫ್ ಬ್ಯಾಕನ ಗೆರೆಯನ್ನು ಯಾರೂ ಎಳೆದಿಲ್ಲ.

ಕೆಂಪಯ್ಯನವರ ತಲೆಮಾರಿನ ನಂತರ ಕರ್ನಾಟಕದ ಫುಟ್‌ಬಾಲ್ ಬೇರೆ ದಾರಿ ಹಿಡಿಯಿತು. ಎಚ್‌ಎಎಲ್, ಐಟಿಐಗಳಂತಹ ಸಾರ್ವಜನಿಕ ಕಾರ್ಖಾನೆಗಳು ಆಟಗಾರರಿಗೆ ಕಾಯಂ ನೌಕರಿ ಕೊಟ್ಟವು. ಊರಲ್ಲೇ ಅನ್ನ ಸಿಕ್ಕಾಗ ಕಲ್ಕತ್ತೆಯ ಸೆಳೆತ ಕೆಲವರಿಗೆ ಕಡಿಮೆಯಾಯಿತು. 1996ರಲ್ಲಿ ರಾಷ್ಟ್ರೀಯ ಲೀಗ್ ಆರಂಭವಾದ ಮೇಲೆ ಅಲೆದಾಟ ಮತ್ತೆ ಬೇರೆ ರೂಪದಲ್ಲಿ ಬಂತು. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಟಾಟಾ ಫುಟ್‌ಬಾಲ್ ಅಕಾಡೆಮಿಯಿಂದ 1993ರಲ್ಲಿ ಈಸ್ಟ್ ಬೆಂಗಾಲ್, 1995ರಲ್ಲಿ ಪಂಜಾಬಿನ ಜೆಸಿಟಿ, ಆಮೇಲೆ ಎಫ್‌ಸಿ ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್ ಎಂದು ದೇಶದ ಮೂರು ಮೂಲೆ ಸುತ್ತಿದರು. ಮೊದಲ ರಾಷ್ಟ್ರೀಯ ಲೀಗನ್ನು ಜೆಸಿಟಿಯೊಂದಿಗೆ ಗೆದ್ದರು, 2000–01ರ ಲೀಗನ್ನು ಈಸ್ಟ್ ಬೆಂಗಾಲಿನ ನಾಯಕರಾಗಿ ಗೆದ್ದರು. ಅವರು ನಡುಮೈದಾನದ ದುಡಿಮೆಗಾರರು, ಹಳೆಯ ಹಾಫ್ ಬ್ಯಾಕಿನ ನೇರ ವಾರಸುದಾರರು. 2020ರ ಅಕ್ಟೋಬರ್ 12ರಂದು 49ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಎಲ್ಲರೂ ನೆನೆದದ್ದು 1993ರಲ್ಲಿ ಇರಾಕಿನ ಅಲ್ ಜವ್ರಾ ತಂಡದ ಎದುರು ಅವರು ಹೊಡೆದ ಮೂರು ಗೋಲುಗಳನ್ನು.

2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ತಂದಿತು. ಆಗ 1968–69ರ ತಂಡದ ನೆನಪು ಪತ್ರಿಕೆಗಳಲ್ಲಿ ಒಂದೆರಡು ದಿನ ಮರಳಿ ಬಂತು. ಆ ತಂಡದಲ್ಲಿ ಆಡಿದವರ ಪೈಕಿ ಇನ್ನೂ ಇರುವವರಿಗೆ ಈಗ ಎಪ್ಪತ್ತೈದರ ಆಚೆಯ ವಯಸ್ಸು. ಬಂಗಾಳದ ಎದುರು ಯಾರು ಯಾರನ್ನು ಹಿಡಿದು ನಿಂತಿದ್ದರು, ಕೊನೆಯ ಹತ್ತು ನಿಮಿಷ ಒಬ್ಬರಿಗೊಬ್ಬರು ಯಾವ ಭಾಷೆಯಲ್ಲಿ ಕೂಗಿಕೊಳ್ಳುತ್ತಿದ್ದರು, ಕನ್ನಡ, ತಮಿಳು, ಉರ್ದು ಬೆರೆತ ಮೈದಾನದ ಆ ಮಾತುಗಳಲ್ಲಿ ‘ಬಿಡಬೇಡ’ ಎನ್ನುವುದಕ್ಕೆ ಏನೆನ್ನುತ್ತಿದ್ದರು ಎಂಬುದನ್ನು ಯಾವ ಅಂಕಿಪಟ್ಟಿಯೂ ಹೇಳದು. ಲಾವಣಿ, ಗೀಗೀ ಪದಗಳ ಸಂಗ್ರಹಕ್ಕೆ ಧ್ವನಿಮುದ್ರಣ ಯಂತ್ರ ಹೊತ್ತು ಹಳ್ಳಿ ಸುತ್ತಿದ ನಮ್ಮ ಸಂಗ್ರಾಹಕರು ಬೆಂಗಳೂರಿನ ಗೌತಮಪುರ, ಆಸ್ಟಿನ್ ಟೌನುಗಳ ಓಣಿಗಳಲ್ಲಿಯೂ ಕಾರ್ಖಾನೆಗಳ ವಸತಿಗೃಹಗಳಲ್ಲಿಯೂ ಆ ಹಿರಿಯರ ಮುಂದೆ ಕುಳಿತುಕೊಳ್ಳಬೇಕಾಗಿದೆ, ಅದೂ ಮೊದಲು ಹಿಂಬದಿಯಲ್ಲಿ ನಿಂತವರ ಮುಂದೆ.